ತೂಕದ ಮಷೀನು ಆಮೇಲೆ, ಮೊದಲು ಕಾಲು ತೋರಿಸ್ರಿ

2025ರ ಮಾರ್ಚಿನಲ್ಲಿ ಸಕ್ಕರೆಯನ್ನೂ ತೂಕವನ್ನೂ ಇಳಿಸುವ ಟಿರ್ಜೆಪಟೈಡ್ ಸೂಜಿ ನಮ್ಮ ದೇಶದ ಔಷಧ ಅಂಗಡಿಗಳಿಗೆ ಬಂತು. ಜೂನಿನಲ್ಲಿ ತೂಕ ಇಳಿಸುವ ಡೋಸಿನ ಸೆಮಾಗ್ಲುಟೈಡ್ ಬಂತು. ಅಲ್ಲಿಂದೀಚೆಗೆ ಗದಗಿನ ನನ್ನ ಕ್ಲಿನಿಕ್ಕಿಗೆ ಬಂದವರು ಕುರ್ಚಿ ಎಳೆದುಕೊಳ್ಳುವ ಮೊದಲೇ ಕೇಳುತ್ತಾರೆ: "ಎಷ್ಟ ಕಿಲೋ ಇಳಿತೈತ್ರಿ ಡಾಕ್ಟರ್ರ?" ನಾನು ಅದಕ್ಕೆ ಉತ್ತರ ಕೊಡುವುದಿಲ್ಲ. ಚಪ್ಪಲಿ ಬಿಚ್ಚಿ ಮಂಚದ ಮೇಲೆ ಮಲ್ಕೋರಿ ಅನ್ನುತ್ತೇನೆ. ಸೂಜಿ ಕೇಳಲು ಬಂದರೆ ಕಾಲು ಯಾಕೆ ನೋಡುತ್ತಾರೆ ಎಂದು ಕೆಲವರಿಗೆ ಗೊಂದಲ, ಕೆಲವರಿಗೆ ಸಿಟ್ಟು.

ಕಾಲು ನೋಡುವುದಕ್ಕೆ ಕಾರಣ ಇದೆ. ಸಕ್ಕರೆ ಕಾಯಿಲೆಯವರನ್ನು ಕೊಲ್ಲುವುದು ಹೆಚ್ಚಾಗಿ ಸಕ್ಕರೆಯಲ್ಲ, ರಕ್ತನಾಳ. ನಾಳದ ಒಳಮೈಗೆ ಎಂಡೋಥೀಲಿಯಂ ಎಂಬ ಒಂದೇ ಸಾಲು ಜೀವಕೋಶಗಳ ಪದರ ಇರುತ್ತದೆ. ಅದು ನೈಟ್ರಿಕ್ ಆಕ್ಸೈಡ್ ಬಿಟ್ಟಾಗ ನಾಳ ಸಡಿಲಾಗಿ ರಕ್ತ ಸಲೀಸಾಗಿ ಹರಿಯುತ್ತದೆ. ಆರೋಗ್ಯವಂತರಲ್ಲಿ ಊಟವಾದ ಮೇಲೆ ಏರುವ ಇನ್ಸುಲಿನ್ನೇ ಈ ಅನಿಲವನ್ನು ಬಿಡಿಸುತ್ತದೆ. ಹೊಟ್ಟೆಯೊಳಗೆ, ಯಕೃತ್ತಿನಲ್ಲಿ ಕೊಬ್ಬು ತುಂಬಿದವರಲ್ಲಿ ಇನ್ಸುಲಿನ್ನಿನ ಮಾತನ್ನು ಸ್ನಾಯುವೂ ಕೇಳುವುದಿಲ್ಲ, ನಾಳವೂ ಕೇಳುವುದಿಲ್ಲ. ಮೇಲಿಂದ ಏರಿದ ಸಕ್ಕರೆ ನಾಳದ ಪ್ರೋಟೀನುಗಳಿಗೆ ಅಂಟಿಕೊಂಡು ಅವನ್ನು ಬಿರುಸು ಮಾಡುತ್ತದೆ. ಹಾಗಾಗಿ ಒಬ್ಬರ ಮೂರು ತಿಂಗಳ ಸರಾಸರಿ ಸಕ್ಕರೆಯ ಅಳತೆಯಾದ ಎಚ್‌ಬಿಎ1ಸಿ 7 ಇದ್ದರೂ ಕಾಲಿನ ನಾಳ ಕಟ್ಟಿರಬಹುದು. ಅದು ಲ್ಯಾಬ್ ರಿಪೋರ್ಟಿನಲ್ಲಿ ಕಾಣದು.

ನನ್ನ ಹತ್ತಿರ ದೊಡ್ಡ ಯಂತ್ರಗಳಿಲ್ಲ. ಒಂದು ಅಳತೆ ಟೇಪು, ಬಿಪಿ ಪಟ್ಟಿ, ರಕ್ತ ಹರಿಯುವ ಸದ್ದು ಕೇಳಿಸುವ, ಕೈಯಲ್ಲಿ ಹಿಡಿಯುವ ಡಾಪ್ಲರ್, ಪಾದಕ್ಕೆ ಸ್ಪರ್ಶ ತಿಳಿಯುತ್ತದೋ ಎಂದು ನೋಡಲು ಹತ್ತು ಗ್ರಾಂ ಒತ್ತಡದ ನೈಲಾನ್ ಎಳೆ. ತೋಳಿನ ಬಿಪಿಯನ್ನೂ ಕಣಕಾಲಿನ ಬಿಪಿಯನ್ನೂ ಡಾಪ್ಲರಿನಲ್ಲಿ ಕೇಳಿ, ಕಾಲಿನದನ್ನು ತೋಳಿನದರಿಂದ ಭಾಗಿಸುತ್ತೇನೆ. 0.9 ಅಥವಾ ಅದಕ್ಕಿಂತ ಕಡಿಮೆ ಬಂದರೆ ಕಾಲಿನ ನಾಳ ಕಿರಿದಾಗಿದೆ ಎಂದರ್ಥ. 1.4 ದಾಟಿದರೂ ಖುಷಿ ಪಡುವಂತಿಲ್ಲ. ಹಳೆಯ ಶುಗರಿನವರ ನಾಳದಲ್ಲಿ ಸುಣ್ಣ ಕೂತು, ಒಣಗಿದ ಜೋಳದ ದಂಟಿನ ಹಾಗೆ ಪಟ್ಟಿಗೆ ಬಗ್ಗದೆ ನಿಂತಿರುತ್ತದೆ, ಅದಕ್ಕೇ ಸುಳ್ಳು ಅಂಕಿ. ಆಗ ಅಂಕಿ ಬಿಟ್ಟು ಡಾಪ್ಲರಿನ ಸದ್ದನ್ನು ನಂಬುತ್ತೇನೆ, ಅನುಮಾನ ಇದ್ದರೆ ಹುಬ್ಬಳ್ಳಿಗೆ ಸ್ಕ್ಯಾನಿಗೆ ಕಳಿಸುತ್ತೇನೆ. ಇಷ್ಟರ ಜೊತೆ ಒಂದು ಪ್ರಶ್ನೆ: ಭೀಷ್ಮ ಕೆರಿ ಸುತ್ತ ಅಡ್ಡಾಡುವಾಗ ಮೀನಖಂಡ ಹಿಡಿತೈತೇನ್ರಿ, ನಿಂತ್ರ ಬಿಡತೈತೇನ್ರಿ? ಹೌದು ಎಂದರೆ ಅರ್ಧ ರೋಗನಿರ್ಣಯ ಮುಗಿದ ಹಾಗೆ.

ಟೇಪು ಬೇಕೇ ಬೇಕು. ಬೆಟಗೇರಿಯ ಕಡೆಯಿಂದ ಬರುವ ಎಷ್ಟೋ ನೇಕಾರರು ನೋಡಲು ಸಣಕಲು. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಮುಂದೆ. ತೂಕದ ಲೆಕ್ಕದಲ್ಲಿ ಅವರು ಪಾಸು, ಟೇಪಿನ ಲೆಕ್ಕದಲ್ಲಿ ನಪಾಸು. ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ನಮ್ಮವರಲ್ಲಿ ಅಪಾಯ. ಎತ್ತರಕ್ಕೆ ತಕ್ಕ ತೂಕದ ಲೆಕ್ಕವಾದ ಬಿಎಂಐ ಕೂಡ ನಮಗೆ 25ಕ್ಕೇ ಬೊಜ್ಜು, ಯುರೋಪಿನವರ ಹಾಗೆ 30ಕ್ಕಲ್ಲ. ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮಿಬ್ಬರದೇ ಫೋಟೋ ಹಾಕಿದ್ದರು. ಇಬ್ಬರದೂ ಬಿಎಂಐ 22.3. ಯಡ್ಕಿನ್ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ಮೈಯಲ್ಲಿ ಶೇ. 21.2. ಆ ಫೋಟೋ ನನ್ನ ಫೋನಿನಲ್ಲಿದೆ, "ನಾ ಎಲ್ಲಿ ದಪ್ಪ ಅದೀನ್ರಿ" ಅನ್ನುವವರಿಗೆ ತೋರಿಸುತ್ತೇನೆ.

ಇನ್ನು ಔಷಧ. ಸಕ್ಕರೆ ಇಳಿಸಿದರೆ ಹೃದಯ ತಾನಾಗೇ ಉಳಿಯುತ್ತದೆ ಎಂಬ ನಂಬಿಕೆಗೆ ಪೆಟ್ಟು ಬಿದ್ದದ್ದು 2007ರಲ್ಲಿ. ರೋಸಿಗ್ಲಿಟಜೋನ್ ಗುಳಿಗೆ ಸಕ್ಕರೆಯನ್ನು ಚೆನ್ನಾಗಿ ಇಳಿಸುತ್ತಿತ್ತು, ಆದರೆ ಹೃದಯಾಘಾತ ಹೆಚ್ಚಾಗುತ್ತದೆ ಎಂಬ ಲೆಕ್ಕ ಹೊರಬಿತ್ತು. 2010ರಲ್ಲಿ ಭಾರತ ಅದನ್ನು ನಿಷೇಧಿಸಿತು. 2008ರಿಂದಲೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಹೊಸ ಶುಗರ್ ಔಷಧ ಹೃದಯಕ್ಕೆ ಅಪಾಯ ಮಾಡುವುದಿಲ್ಲ ಎಂದು ತೋರಿಸಿ ಅಂತ ಕಂಪನಿಗಳಿಗೆ ಹೇಳಿತು. ಕಂಪನಿಗಳು ಗೊಣಗುತ್ತಲೇ ದೊಡ್ಡ ಪ್ರಯೋಗ ಮಾಡಿದವು, ಅಪಾಯ ಇಲ್ಲ ಎಂದು ತೋರಿಸಲು ಹೋದವರಿಗೆ ಲಾಭವೇ ಸಿಕ್ಕಿತು. 2015ರ ಪ್ರಯೋಗದಲ್ಲಿ ಎಂಪಾಗ್ಲಿಫ್ಲೋಜಿನ್ ಎಂಬ ಶುಗರ್ ಗುಳಿಗೆ ತಗೊಂಡ ಹೃದ್ರೋಗಿಗಳಲ್ಲಿ ಹೃದಯದ ಸಾವು ಶೇ. 38 ಇಳಿದಿತ್ತು. ಸಕ್ಕರೆ ಇಳಿದದ್ದು ಅಲ್ಪ. ಇಷ್ಟು ಕಡಿಮೆ ಸಕ್ಕರೆ ಇಳಿದು ಇಷ್ಟು ಸಾವು ತಪ್ಪಿದ್ದು ಹೇಗೆ ಎಂಬ ಪ್ರಶ್ನೆ ನನ್ನ ಚೀಟಿ ಬರೆಯುವ ರೀತಿಯನ್ನೇ ಬದಲಿಸಿತು.

ಈಗ ನನ್ನ ಕ್ರಮ ಹೀಗಿದೆ. ಹಳೆಯ ಮೆಟ್‌ಫಾರ್ಮಿನ್ ಇದ್ದೇ ಇರುತ್ತದೆ. ಯಕೃತ್ತು ರಾತ್ರಿಯಿಡೀ ಸಕ್ಕರೆ ಸುರಿಯುವುದನ್ನು ಅದು ತಡೆಯುತ್ತದೆ, ಅಗ್ಗ, ತೂಕ ಏರಿಸುವುದಿಲ್ಲ. ಬಹಳ ವರ್ಷ ತಗೊಂಡವರಲ್ಲಿ ಬಿ12 ಜೀವಸತ್ವ ತಗ್ಗುವುದುಂಟು, ಅದರ ಪರೀಕ್ಷೆ ಮಾಡಿಸುತ್ತೇನೆ, ಅದರಲ್ಲೂ ಶಾಕಾಹಾರಿಗಳಿಗೆ. ಕಾಲು ಜಡ ಆಗಿದೆ ಎಂದು ಬಂದವರಿಗೆ ಶುಗರಿನ ನರದೋಷ ಎಂದು ಹಣೆಪಟ್ಟಿ ಹಚ್ಚುವ ಮುಂಚೆ ಇದನ್ನು ನೋಡಲೇಬೇಕು.

ಹೃದಯ ಸೋತವರಿಗೆ, ಮೂತ್ರದಲ್ಲಿ ಪ್ರೋಟೀನ್ ಹೋಗುವವರಿಗೆ ಡಾಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್. ಇವು ಮೂತ್ರಪಿಂಡ ಸಕ್ಕರೆಯನ್ನು ವಾಪಸು ಹೀರಿಕೊಳ್ಳದಂತೆ ಮಾಡುತ್ತವೆ. ದಿನಕ್ಕೆ ಸುಮಾರು 60ರಿಂದ 80 ಗ್ರಾಂ ಸಕ್ಕರೆ ಮೂತ್ರದಲ್ಲಿ ಹೊರಗೆ. ಇದನ್ನು ವಿವರಿಸಿದಾಗ ಮುಂಡರಗಿ ಕಡೆಯ ಅಜ್ಜ ಒಬ್ಬರು ಕೇಳಿದ್ದು: "ಉಚ್ಚ್ಯಾಗ ಸಕ್ರಿ ಹೋಗೂದ ಬ್ಯಾನಿ ಅಂತಿದ್ರಿ, ಈಗ ಅದನ್ನ ಗುಳಿಗಿ ಕೊಟ್ಟ ಮಾಡಸ್ತೀರೇನ್ರಿ?" ಪ್ರಶ್ನೆ ಸರಿಯಾಗಿಯೇ ಇದೆ. ಸಕ್ಕರೆಯ ಜೊತೆ ಉಪ್ಪು, ನೀರೂ ಹೋಗುತ್ತವೆ, ಬಿಪಿ ಸ್ವಲ್ಪ ಇಳಿಯುತ್ತದೆ, ಮೂತ್ರಪಿಂಡದ ಜರಡಿಯೊಳಗಿನ ಒತ್ತಡ ತಗ್ಗುತ್ತದೆ, ಹೃದಯದ ಭಾರ ಇಳಿಯುತ್ತದೆ ಎಂದು ಅವರಿಗೆ ಹೇಳಿದೆ. ಏಪ್ರಿಲ್ ಬಿಸಿಲಲ್ಲಿ ಹೊಲಕ್ಕೆ ಹೋಗುವವರಿಗೆ ಜೊತೆಗಿರುವ ನೀರಿಳಿಸುವ ಗುಳಿಗೆಯ ಡೋಸು ಕಡಿಮೆ ಮಾಡುತ್ತೇನೆ. ವಾಂತಿ ಭೇದಿ ಇದ್ದಾಗ, ದಿನವಿಡೀ ಉಪವಾಸ ಇದ್ದಾಗ ಗುಳಿಗೆ ಬೇಡ. ಆಪರೇಷನ್ ಇದ್ದರೆ ಮೂರು ದಿನ ಮೊದಲೇ ನಿಲ್ಲಿಸಬೇಕು. ಇಲ್ಲವಾದರೆ ಸಕ್ಕರೆ ಹೆಚ್ಚೇನೂ ಇಲ್ಲದಿದ್ದರೂ ರಕ್ತದಲ್ಲಿ ಕೀಟೋನು ಎಂಬ ಆಮ್ಲ ಏರಿ ಜೀವಕ್ಕೆ ಕುತ್ತು ಬರಬಹುದು. ಗುಪ್ತಾಂಗದ ತುರಿಕೆ ಬರುವುದು ಸಾಮಾನ್ಯ, ಹೆಂಗಸರು ಅದನ್ನು ಹೇಳುವುದಿಲ್ಲ, ಸುಮ್ಮನೆ ಗುಳಿಗೆ ಬಿಟ್ಟುಬಿಡುತ್ತಾರೆ. ಅದಕ್ಕೇ ನಮ್ಮ ಸಿಸ್ಟರ್ ಮೊದಲ ದಿನವೇ ಅವರನ್ನು ಪಕ್ಕಕ್ಕೆ ಕರೆದು ಹೇಳುತ್ತಾರೆ. ಎಂಪಾಗ್ಲಿಫ್ಲೋಜಿನ್ ಪೇಟೆಂಟು 2025ರ ಮಾರ್ಚಿನಲ್ಲಿ ಮುಗಿದು ಬೆಲೆ ಬಿದ್ದದ್ದು ನನ್ನ ರೋಗಿಗಳಿಗೆ ಟಿರ್ಜೆಪಟೈಡ್ ಬಂದದ್ದಕ್ಕಿಂತ ದೊಡ್ಡ ಸುದ್ದಿ. ಒಂದೇ ತಿಂಗಳಲ್ಲಿ ಎರಡೂ ಆದವು, ಪತ್ರಿಕೆಯವರು ಬರೆದದ್ದು ಸೂಜಿಯ ಬಗ್ಗೆ.

ಹೃದಯಾಘಾತ ಆದವರು, ಪಾರ್ಶ್ವವಾಯು ಆದವರು, ಕಾಲಿನ ನಾಳ ಕಿರಿದಾದವರು, ಜೊತೆಗೆ ಹೊಟ್ಟೆ ಇರುವವರು: ಇವರಿಗೆ ಸೂಜಿ. ಊಟ ಮಾಡಿದಾಗ ನಮ್ಮ ಕರುಳೇ ಜಿಎಲ್‌ಪಿ-1 ಎಂಬ ಹಾರ್ಮೋನು ಬಿಡುತ್ತದೆ. ಅದು ಸಕ್ಕರೆ ಏರಿದ್ದಾಗ ಮಾತ್ರ ಇನ್ಸುಲಿನ್ ತರಿಸುತ್ತದೆ, ಹೊಟ್ಟೆ ನಿಧಾನ ಖಾಲಿಯಾಗುವಂತೆ ಮಾಡುತ್ತದೆ, ಸಾಕು ಎಂದು ಮಿದುಳಿಗೆ ಹೇಳುತ್ತದೆ. ಆದರೆ ಒಂದೆರಡು ನಿಮಿಷದಲ್ಲಿ ಕರಗಿ ಹೋಗುತ್ತದೆ. ಸೆಮಾಗ್ಲುಟೈಡ್ ಅದೇ ಹಾರ್ಮೋನಿನ ಮಾರ್ಪಟ್ಟ ರೂಪ, ಅರ್ಧ ಕರಗಲು ಒಂದು ವಾರ ಬೇಕು. ಟಿರ್ಜೆಪಟೈಡ್ ಇದರ ಜೊತೆ ಜಿಐಪಿ ಎಂಬ ಇನ್ನೊಂದು ಹಾರ್ಮೋನಿನ ಕೆಲಸವನ್ನೂ ಮಾಡುತ್ತದೆ.

ನಾಳದ ವಿಷಯಕ್ಕೆ ಬಂದರೆ, 2023ರ ಸೆಲೆಕ್ಟ್ ಪ್ರಯೋಗ ನೋಡಿ. ಹೃದ್ರೋಗ ಇದ್ದ, ತೂಕ ಹೆಚ್ಚಿದ್ದ, ಆದರೆ ಶುಗರ್ ಇಲ್ಲದ 17,604 ಜನ. ಸೆಮಾಗ್ಲುಟೈಡ್ ತಗೊಂಡವರಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೃದಯದ ಸಾವು ಸೇರಿ ಶೇ. 20 ಕಡಿಮೆ. ಆಮೇಲೆ ಲೆಕ್ಕ ಬಿಡಿಸಿ ನೋಡಿದರೆ ಸೊಂಟದ ಸುತ್ತಳತೆ ಇಳಿದದ್ದರಿಂದ ಬಂದ ಲಾಭ ಸುಮಾರು ಮೂರನೇ ಒಂದು ಪಾಲು. ಕಡಿಮೆ ತೂಕ ಇಳಿದವರಿಗೂ ಲಾಭ ಸಿಕ್ಕಿತ್ತು. ಉಳಿದದ್ದು ಉರಿಯೂತ ತಗ್ಗಿದ್ದು, ಬಿಪಿ ತಗ್ಗಿದ್ದು, ನಾಳದ ಮೇಲಿನ ನೇರ ಪರಿಣಾಮ, ಇವೆಲ್ಲ ಸೇರಿ ಇರಬೇಕು. 2025ರಲ್ಲಿ ಸ್ಟ್ರೈಡ್ ಪ್ರಯೋಗದ ಫಲಿತಾಂಶ ಬಂತು. ಶುಗರ್ ಇದ್ದು ಕಾಲಿನ ನಾಳ ಕಿರಿದಾದ 792 ಜನರಲ್ಲಿ, ವಾರಕ್ಕೆ 1 ಮಿಲಿಗ್ರಾಂ ಸೆಮಾಗ್ಲುಟೈಡ್ ಒಂದು ವರ್ಷ ತಗೊಂಡವರು ನಡೆಯಬಲ್ಲ ದೂರ ಉಳಿದವರಿಗಿಂತ ಶೇ. 13 ಹೆಚ್ಚಾಗಿತ್ತು. ಹದಿಮೂರು ದೊಡ್ಡ ಅಂಕಿಯಲ್ಲ ಅನ್ನಿಸಬಹುದು. ಮನೆಯಿಂದ ಗುಡಿಯ ತನಕ ಹೋಗಿ ಅರ್ಧಕ್ಕೆ ಕಟ್ಟೆಯ ಮೇಲೆ ಕೂಡುವವರಿಗೆ ಅದು ದೊಡ್ಡದೇ.

ಸೂಜಿ ಶುರು ಮಾಡುವ ಮುಂಚೆ ಕಣ್ಣಿನ ಪರದೆ ತೋರಿಸಿಕೊಂಡು ಬನ್ನಿ ಎಂದು ಕಳಿಸುತ್ತೇನೆ. ಬಹಳ ಏರಿದ ಸಕ್ಕರೆ ದಿಢೀರ್ ಇಳಿದರೆ ಮೊದಲೇ ಕೆಟ್ಟ ಪರದೆ ಇನ್ನೂ ಕೆಡುವುದುಂಟು, 2016ರ ಸೆಮಾಗ್ಲುಟೈಡ್ ಪ್ರಯೋಗದಲ್ಲಿ ಇದು ಕಂಡಿತ್ತು. ಮನೆತನದಲ್ಲಿ ಮೆಡುಲರಿ ಥೈರಾಯ್ಡ್ ಕ್ಯಾನ್ಸರ್ ಇದ್ದರೆ ಸೂಜಿ ಇಲ್ಲ. ಮೇದೋಜೀರಕದ ಊತ ಬಂದು ಹೋದವರಿಗೂ ಕೊಡುವುದಿಲ್ಲ. ಪಿತ್ತಕೋಶದ ಕಲ್ಲಿನ ಬಗ್ಗೆ ಕೇಳುತ್ತೇನೆ. ಇನ್ಸುಲಿನ್ ಬಿಡಿಸುವ ಗ್ಲಿಮೆಪಿರೈಡ್ ಗುಳಿಗೆ ತಗೊಳ್ಳುತ್ತಿದ್ದರೆ ಸಕ್ಕರೆ ನೋಡಿಕೊಂಡು ಅರ್ಧ ಮಾಡುತ್ತೇನೆ ಅಥವಾ ಬಿಡಿಸುತ್ತೇನೆ. ಸೂಜಿ ಒಂದೇ ಇದ್ದರೆ ಸಕ್ಕರೆ ಕುಸಿಯುವುದು ಅಪರೂಪ, ಹಸಿವೆಯಿಲ್ಲದೆ ಊಟ ಬಿಟ್ಟವರ ಹೊಟ್ಟೆಯಲ್ಲಿ ಗ್ಲಿಮೆಪಿರೈಡ್ ಇದ್ದರೆ ಕುಸಿಯುವ ಭಯ ಹೆಚ್ಚು.

ಡೋಸು ಏರಿಸುವುದರಲ್ಲಿ ನನಗೆ ಅವಸರ ಇಲ್ಲ. ಸೆಮಾಗ್ಲುಟೈಡ್ ನಾಲ್ಕು ವಾರ 0.25 ಮಿಲಿಗ್ರಾಂ, ಆಮೇಲೆ 0.5. ವಾಕರಿಕೆ ಇದ್ದರೆ ಅಲ್ಲೇ ನಿಲ್ಲುತ್ತೇನೆ. ನಮ್ಮ ಕಡೆ ವಾಕರಿಕೆಗೆ ದೊಡ್ಡ ಕಾರಣ ಸಂಜೆಯ ಮಿರ್ಚಿ ಬಜಿ. ನಿಧಾನ ಖಾಲಿಯಾಗುವ ಹೊಟ್ಟೆಗೆ ಎಣ್ಣೆ ಬಿದ್ದರೆ ರಾತ್ರಿಯಿಡೀ ಹುಳಿ ತೇಗು. ಜೋಳದ ರೊಟ್ಟಿ ಬಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಎಂಥವರಿಗೂ ರೊಟ್ಟಿ ತಾನಾಗೇ ಕಡಿಮೆ ಆಗುತ್ತದೆ, ಅದೇ ಸಮಸ್ಯೆ. ಎರಡು ರೊಟ್ಟಿಯ ಜಾಗದಲ್ಲಿ ಅರ್ಧ ರೊಟ್ಟಿ ಉಪ್ಪಿನಕಾಯಿ ತಿಂದು "ಹೊಟ್ಟಿ ತುಂಬಿತ್ರಿ" ಅಂದರೆ ಕರಗುವುದು ಕೊಬ್ಬಷ್ಟೇ ಅಲ್ಲ. ಇಳಿದ ತೂಕದಲ್ಲಿ ಕಾಲು ಭಾಗ, ಕೆಲವು ಅಧ್ಯಯನಗಳಲ್ಲಿ ಐದರಲ್ಲಿ ಎರಡು ಭಾಗ, ಕೊಬ್ಬಲ್ಲದ ಮೈ. ಊಟದ ಸಕ್ಕರೆಯನ್ನು ಹೆಚ್ಚಾಗಿ ಸುಡುವುದು ಸ್ನಾಯು, ಅದೇ ಹೋದರೆ ಗಳಿಸಿದ್ದೇನು? ಅದಕ್ಕೆ ನನ್ನ ಚೀಟಿಯಲ್ಲಿ ಔಷಧದ ಕೆಳಗೆ ಮೊದಲು ಪಲ್ಯ, ಮೊಳಕೆ ಬಂದ ಮಡಿಕೆ ಕಾಳು, ಝುಣಕ, ಮೊಸರು, ತಿನ್ನುವವರಿಗೆ ತತ್ತಿ, ಆಮೇಲೆ ರೊಟ್ಟಿ ಎಂದು ಬರೆದಿರುತ್ತದೆ. ಪ್ರತಿ ಭೇಟಿಗೆ ಕೈ ಆಸರೆ ಇಲ್ಲದೆ ಅರ್ಧ ನಿಮಿಷದಲ್ಲಿ ಎಷ್ಟು ಸಲ ಕುರ್ಚಿಯಿಂದ ಏಳುತ್ತಾರೆ ಎಂದು ಎಣಿಸುತ್ತೇನೆ. ಒಬ್ಬ ನಿವೃತ್ತ ಶಿಕ್ಷಕಿ ತೂಕ ಇಳಿಸಿಕೊಂಡು ಬಹಳ ಖುಷಿಯಲ್ಲಿ ಬಂದರು, ಕುರ್ಚಿಯಿಂದ ಏಳುವುದು ಮಾತ್ರ ಮೊದಲಿಗಿಂತ ಕಡಿಮೆಯಾಗಿತ್ತು. ಡೋಸು ಏರಿಸಲಿಲ್ಲ. ಅವರಿಗೆ ಬೇಜಾರಾಯಿತು.

ಔಷಧ ತುಂಬಿದ ಸೂಜಿಯ ಪೆನ್ನು ಇಡುವ ಬಗ್ಗೆಯೂ ಹೇಳಬೇಕು. ತೆರೆಯದ ಪೆನ್ನು ಫ್ರಿಜ್ಜಿನಲ್ಲಿ, ಫ್ರೀಜರಿನಲ್ಲಿ ಅಲ್ಲ. ಬಳಸುತ್ತಿರುವುದನ್ನು 30 ಡಿಗ್ರಿ ಒಳಗೆ ಹೊರಗಿಡಬಹುದು ಎಂದು ಡಬ್ಬಿಯ ಮೇಲೆ ಬರೆದಿರುತ್ತದೆ, ಗದಗಿನ ಬೇಸಿಗೆಯಲ್ಲಿ ಮನೆಯೊಳಗೆ 30 ಎಲ್ಲಿ ಸಿಗುತ್ತದೆ? ಅದನ್ನೂ ಫ್ರಿಜ್ಜಿಗೇ ಹಾಕಿಸುತ್ತೇನೆ.

ಸೂಜಿಗೆ ತಿಂಗಳಿಗೆ ಸಾವಿರಗಟ್ಟಲೆ ಕೊಡುವ ವ್ಯಾಪಾರಿಗಳು ಕೊಲೆಸ್ಟ್ರಾಲ್ ಇಳಿಸುವ, ಕೆಲವೇ ರೂಪಾಯಿಯ ಸ್ಟ್ಯಾಟಿನ್ ಗುಳಿಗೆಗೆ ಚೌಕಾಸಿ ಮಾಡುತ್ತಾರೆ. ಬಾಯಲ್ಲಿ ಗುಟ್ಕಾ ಇಟ್ಟುಕೊಂಡೇ ಹೊಸ ಔಷಧ ಕೇಳುತ್ತಾರೆ. ಕಾಲಿನ ನಾಳ ಕಿರಿದಾಗಿರುವ ಬೀಡಿಯವರಿಗೆ ನನ್ನ ಶರತ್ತು ಕಠಿಣ: ಮೊದಲು ಬೀಡಿ, ಆಮೇಲೆ ಸ್ಟ್ಯಾಟಿನ್, ದಿನಾ ನೋವು ಬರುವ ತನಕ ನಡೆದು, ನಿಂತು, ಮತ್ತೆ ನಡೆಯುವ ಅಭ್ಯಾಸ. ಇಷ್ಟು ಮಾಡದವರಿಗೆ ಸೂಜಿಯ ದುಡ್ಡು ದಂಡ.

ಹಣದ ಮಾತನ್ನು ಮೊದಲ ದಿನವೇ ಆಡುತ್ತೇನೆ. ಸೆಮಾಗ್ಲುಟೈಡ್ ನಿಲ್ಲಿಸಿದವರಲ್ಲಿ ಇಳಿದ ತೂಕದ ಮೂರನೇ ಎರಡು ಪಾಲು ಒಂದು ವರ್ಷದೊಳಗೆ ವಾಪಸು ಬಂದಿತ್ತು, ಬಿಪಿಯೂ ಹಿಂದಕ್ಕೆ ಹೋಗಿತ್ತು. ಹೀಗಾಗಿ ವರ್ಷಗಟ್ಟಲೆ ಕೊಳ್ಳಲಾಗದವರಿಗೆ ನಾನು ಶುರುವೇ ಮಾಡುವುದಿಲ್ಲ, ಅಗ್ಗದ ಗುಳಿಗೆಗಳಲ್ಲೇ ಎಷ್ಟಾಗುತ್ತದೋ ನೋಡುತ್ತೇನೆ.

ಇತ್ತೀಚೆಗೆ ಹುಬ್ಬಳ್ಳಿಯಿಂದ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದಿದ್ದರು. ಮಗಳಿಗೆ ಮುಟ್ಟು ಏರುಪೇರಾಗುವ ಅಂಡಾಶಯದ ತೊಂದರೆ ಪಿಸಿಒಡಿ, ಮದುವೆ ಗೊತ್ತಾಗಿದೆ. "ಮದುವಿ ತನಕ ಅಷ್ಟ ಹಾಕ್ರಿ, ಆಮ್ಯಾಲ ಬಿಡ್ತಾಳ" ಅಂದರು. ಗರ್ಭ ಧರಿಸುವ ಕನಿಷ್ಠ ಎರಡು ತಿಂಗಳ ಮೊದಲು ಸೆಮಾಗ್ಲುಟೈಡ್ ಬಿಡಬೇಕು, ಟಿರ್ಜೆಪಟೈಡ್ ಆದರೆ ಗರ್ಭನಿರೋಧಕ ಗುಳಿಗೆಯ ಕೆಲಸವೂ ಕುಂದಬಹುದು ಎಂದು ಹೇಳಿದೆ, ತಾಯಿಗಲ್ಲ, ಮಗಳಿಗೆ. ಮೆಟ್‌ಫಾರ್ಮಿನ್ ಬರೆದೆ, ಸೊಂಟ ಅಳೆದೆ, ಬಿಪಿ ನೋಡಿದೆ. ಸೂಜಿ ಬೇಕೋ ಬೇಡವೋ ಎಂಬುದನ್ನು ಮದುವೆಯಾದ ಮೇಲೆ ಗಂಡ ಹೆಂಡತಿ ಕೂತು, ಮಕ್ಕಳು ಯಾವಾಗ ಎಂದು ನಿರ್ಧರಿಸಿ ಬರಲಿ ಅಂದೆ. ಮಗಳು ತಲೆಯಾಡಿಸಿದಳು. ತಾಯಿ ಚೀಟಿ ಮಡಚಿ ಪರ್ಸಿನಲ್ಲಿಟ್ಟುಕೊಂಡು, ಹುಬ್ಬಳ್ಳಿಯಲ್ಲಿ ಬೇರೆ ಡಾಕ್ಟರು ಇದ್ದಾರಂತೆ, ಕೇಳಿ ನೋಡುತ್ತೇವೆ ಎಂದು ಹೇಳಿ ಹೋದರು.