ಟೈಮ್‌ಲ್ಯಾಪ್ಸ್‌ನ ಮಿಣುಕು: ಫ್ರೇಮ್‌ಗಳ ಬೆಳಕನ್ನು ಒಂದೇ ಹದಕ್ಕೆ ತರುವುದು

ಭಾನುವಾರ ಸಂಜೆ ಮೈಸೂರು ಅರಮನೆಯ ಮುಂದೆ ಟ್ರೈಪಾಡ್ ಊರಿ, 6ರಿಂದ 8 ಗಂಟೆಯವರೆಗೆ 5 ಸೆಕೆಂಡಿಗೊಂದು ಚಿತ್ರ ತೆಗೆದರೆ 1440 ಫ್ರೇಮ್ ಆಗುತ್ತವೆ. ಸೆಕೆಂಡಿಗೆ 24ರಂತೆ ಜೋಡಿಸಿದರೆ ಒಂದು ನಿಮಿಷದ ಟೈಮ್‌ಲ್ಯಾಪ್ಸ್ ವಿಡಿಯೊ. ಬಿಡಿಬಿಡಿಯಾಗಿ ನೋಡಿದರೆ ಒಂದರಲ್ಲೂ ತಪ್ಪು ಕಾಣುವುದಿಲ್ಲ. ಓಡಿಸಿದ ಕೂಡಲೇ ಮಾತ್ರ ಚೋಕ್ ಕೆಟ್ಟ ಟ್ಯೂಬ್‌ಲೈಟಿನ ಹಾಗೆ ಪಟಪಟ ಮಿಣುಕುತ್ತದೆ. ಪಕ್ಕಪಕ್ಕದ ಫ್ರೇಮ್‌ಗಳ ನಡುವೆ ಶೇ. 2ರಷ್ಟು ವ್ಯತ್ಯಾಸ ಇದ್ದರೂ ಆಕಾಶದಂಥ ಬೋಳು ಜಾಗದಲ್ಲಿ ಕಣ್ಣು ಹಿಡಿದುಬಿಡುತ್ತದೆ.

ಇದನ್ನು ತಿದ್ದುವ ಲೆಕ್ಕ ಸುಲಭ. ಯಾವ ಏರಿಳಿತ ಕ್ಯಾಮೆರಾದ್ದು, ಯಾವುದು ನಿಜವಾದ ಬೆಳಕಿನದು ಎಂದು ಬೇರ್ಪಡಿಸುವುದೇ ಕಷ್ಟ. ಅದು ಸಾಫ್ಟ್‌ವೇರ್‌ಗೆ ಗೊತ್ತಾಗುವುದಿಲ್ಲ, ನಾವೇ ಹೇಳಿಕೊಡಬೇಕು.

ತೆಗೆಯುವಾಗಲೇ ಮುಗಿಸಬೇಕಾದದ್ದು

ಕ್ಯಾಮೆರಾ ಮ್ಯಾನುಯಲ್ ಮೋಡ್‌ನಲ್ಲಿರಲಿ. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ), ವೈಟ್ ಬ್ಯಾಲೆನ್ಸ್ (ಬಣ್ಣದ ಹದ), ಫೋಕಸ್ ಯಾವುದೂ ಆಟೊ ಬೇಡ. ರಾ ಫೈಲ್‌ನಲ್ಲೇ, ಅಂದರೆ ಕ್ಯಾಮೆರಾ ಸಂಸ್ಕರಿಸದ ಮೂಲ ರೂಪದಲ್ಲೇ ತೆಗೆಯಿರಿ. ಇಷ್ಟೆಲ್ಲ ಮಾಡಿದರೂ ಮಿಣುಕು ಉಳಿದರೆ ಲೆನ್ಸ್‌ನ ಅಪರ್ಚರ್ (ಬೆಳಕು ಒಳಬಿಡುವ ಕಿಂಡಿ) ಮೇಲೆ ಅನುಮಾನಪಡಿ. ಎಫ್ 8ಕ್ಕೆ ಇಟ್ಟರೆ ಪ್ರತಿ ಕ್ಲಿಕ್ಕಿಗೂ ಆ ಕಿಂಡಿಯ ತೆಳು ಎಲೆಗಳು ಅಷ್ಟಕ್ಕೆ ಮುಚ್ಚಿಕೊಳ್ಳುತ್ತವೆ, ಆದರೆ ಪ್ರತಿ ಸಲ ಕೂದಲೆಳೆಯಷ್ಟು ಬೇರೆ ಜಾಗದಲ್ಲಿ ನಿಲ್ಲುತ್ತವೆ. ಅಪರ್ಚರ್ ಪೂರ್ತಿ ತೆರೆದಿಟ್ಟರೆ ಎಲೆಗಳು ಅಲುಗುವುದೇ ಇಲ್ಲ. ಅಪರ್ಚರ್ ರಿಂಗ್ ಇರುವ ಹಳೆಯ ಮ್ಯಾನುಯಲ್ ಲೆನ್ಸ್ ಸಿಕ್ಕರೆ ಇನ್ನೂ ಒಳ್ಳೆಯದು.

ನಮ್ಮ ಕರೆಂಟ್ 50 ಹರ್ಟ್ಜ್, ಹಾಗಾಗಿ ಅದರಿಂದ ಉರಿಯುವ ಎಷ್ಟೋ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರ್ ತೆರೆದಿರುವ ಸಮಯ 1/50 ಸೆಕೆಂಡ್, 1/100 ಸೆಕೆಂಡ್ ಅಥವಾ ಅದಕ್ಕಿಂತ ಸಾಕಷ್ಟು ನಿಧಾನ ಇರಲಿ. 1/500ರಲ್ಲಿ ಎಲ್‌ಇಡಿ ಬೀದಿದೀಪ ಹಿಡಿದರೆ ಅಡ್ಡಪಟ್ಟಿ ಬೀಳುವ ಸಂಭವವಿದೆ. ಇಡೀ ಫ್ರೇಮ್‌ಗೆ ಒಂದೇ ಸಂಖ್ಯೆಯಿಂದ ಗುಣಿಸುವ ಕೆಳಗಿನ ವಿಧಾನ ಆ ಪಟ್ಟಿಯನ್ನು ಅಳಿಸಲಾರದು.

ಎಲ್ಲಿ ಅಳೆಯಬೇಕು

ಅರಮನೆ ಪೂರ್ವಕ್ಕೆ ಮುಖ ಮಾಡಿದೆ. ಜಯಮಾರ್ತಾಂಡ ದ್ವಾರದ ಕಡೆಯಿಂದ ತೆಗೆದರೆ ಸೂರ್ಯ ಕಟ್ಟಡದ ಬೆನ್ನಿಗೆ ಮುಳುಗುತ್ತಾನೆ. ಆಕಾಶ ಉರಿಯುತ್ತಿರುತ್ತದೆ, ಮುಂಭಾಗ ನೆರಳಲ್ಲಿರುತ್ತದೆ. ಇಡೀ ಫ್ರೇಮ್‌ನ ಸರಾಸರಿ ತೆಗೆದುಕೊಂಡರೆ ಒಂದು ತುಂಡು ಮೋಡ ಸರಿದರೂ ಲೆಕ್ಕ ತಪ್ಪಿ, ಸುಮ್ಮನಿದ್ದ ಗೋಡೆ ಮಂಕಾಗುತ್ತದೆ. ಆದ್ದರಿಂದ ಏನೂ ಅಲುಗದ ಒಂದು ಚೌಕ ಆರಿಸಿ: ಸಂಜೆಯ ಹೊತ್ತಿಗೆ ಗೋಡೆ, ದೀಪ ಹತ್ತಿದ ಮೇಲೆ ಜನ ಓಡಾಡದ ಹುಲ್ಲುಹಾಸು. ಟ್ರೈಪಾಡ್ ಅಲುಗಾಡಿದ್ದರೆ ಮೊದಲು ಸ್ಟೆಬಿಲೈಸ್ ಮಾಡಿ (ಫ್ರೇಮ್‌ಗಳು ಒಂದರ ಮೇಲೊಂದು ಸರಿಯಾಗಿ ಕೂರುವಂತೆ ಹೊಂದಿಸಿ), ಇಲ್ಲದಿದ್ದರೆ ಚೌಕವೇ ಜಾರುತ್ತದೆ.

ಚೌಕದೊಳಗೂ, 0 ಎಂದರೆ ಕಪ್ಪು, 255 ಎಂದರೆ ಬಿಳಿ ಎಂಬ ಅಳತೆಯಲ್ಲಿ 250 ದಾಟಿದ ಪಿಕ್ಸೆಲ್ ಬಿಟ್ಟುಬಿಡಿ. ಪೂರ್ತಿ ಬೆಳ್ಳಗಾದ ಬಲ್ಬು ಎಕ್ಸ್‌ಪೋಶರ್ ಕೊಂಚ ಬದಲಾದರೂ ಬೆಳ್ಳಗೇ ಇರುತ್ತದೆ. ಅದನ್ನು ಸೇರಿಸಿದರೆ ವ್ಯತ್ಯಾಸ ಕಡಿಮೆ ಅನ್ನಿಸಿ ತಿದ್ದುಪಡಿ ಸಾಲದೆ ಹೋಗುತ್ತದೆ. ಉಳಿದವುಗಳ ಸರಾಸರಿಗಿಂತ ಮಧ್ಯಾಂಕ (ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಡುವೆ ಬರುವ ಬೆಲೆ) ವಾಸಿ. ಯಾರದೋ ಫ್ಲ್ಯಾಶ್, ಹಾರುವ ಹಕ್ಕಿ ಇದರಿಂದ ತಾವಾಗಿಯೇ ಆಚೆ ಹೋಗುತ್ತವೆ.

ಲೆಕ್ಕ

ಪಿಕ್ಸೆಲ್ ಮೌಲ್ಯವನ್ನು 255ರಿಂದ ಭಾಗಿಸಿ, 2.2ರ ಘಾತಕ್ಕೇರಿಸಿದರೆ ಹೆಚ್ಚುಕಡಿಮೆ ನಿಜವಾದ ಬೆಳಕಿನ ಪ್ರಮಾಣ ಸಿಗುತ್ತದೆ. ಆಮೇಲೆ ಕೆಂಪಿಗೆ 0.2126, ಹಸಿರಿಗೆ 0.7152, ನೀಲಿಗೆ 0.0722 ತೂಕ ಕೊಟ್ಟು ಕೂಡಿಸಿ. ಪೈಥಾನ್‌ ಭಾಷೆಯಲ್ಲಿ ಕೋಡ್ ಬರೆದು, ಓಪನ್‌ಸಿವಿ ಎಂಬ ಚಿತ್ರ ಸಂಸ್ಕರಣೆಯ ಲೈಬ್ರರಿ ಬಳಸುವವರು ಎಡವುವುದು ಇಲ್ಲೇ: ಅದು ನೀಲಿ, ಹಸಿರು, ಕೆಂಪು ಎಂಬ ಕ್ರಮದಲ್ಲಿ ಚಿತ್ರ ಓದುತ್ತದೆ.

ಚೌಕದ ಪಿಕ್ಸೆಲ್‌ಗಳ ಈ ಮೊತ್ತಗಳ ಮಧ್ಯಾಂಕ ತೆಗೆದರೆ ಪ್ರತಿ ಫ್ರೇಮ್‌ಗೂ ಒಂದು ಸಂಖ್ಯೆ ಬಂತು. ಅದರ ಗ್ರಾಫ್ ಹಾಕಿ ನೋಡದೆ ಮುಂದೆ ಹೋಗಬೇಡಿ. ಇಳಿಯುತ್ತಾ ಹೋಗುವ ನಯವಾದ ಗೆರೆ ಸಂಜೆಯದು, ಅದರ ಮೇಲಿನ ಗರಗಸದ ಹಲ್ಲು ಕ್ಯಾಮೆರಾದ್ದು. ಹಿಂದಿನ 7, ಮುಂದಿನ 7 ಮತ್ತು ಅದೇ ಫ್ರೇಮ್ ಸೇರಿಸಿ ಒಟ್ಟು 15ರ ಸರಾಸರಿ ತೆಗೆಯಿರಿ, ಅದು ಗುರಿ. ಗುರಿಯನ್ನು ಅಳತೆಯಿಂದ ಭಾಗಿಸಿದರೆ ಗುಣಕ. ಗುರಿ 0.180, ಅಳತೆ 0.171 ಆಗಿದ್ದರೆ ಗುಣಕ 1.053. ಇದನ್ನು 2.2ರ ಘಾತಕ್ಕೇರಿಸಿದ ಮೌಲ್ಯಕ್ಕೇ ಗುಣಿಸಿ, ನಂತರ 1/2.2ರ ಘಾತಕ್ಕೇರಿಸಿ, 255ರಿಂದ ಗುಣಿಸಿ ವಾಪಸ್ ತನ್ನಿ. ಘಾತಕ್ಕೇರಿಸದೆ, ಜೆಪೆಗ್‌ನಂಥ ಚಿತ್ರದ ಮೌಲ್ಯಕ್ಕೆ ನೇರವಾಗಿ ಗುಣಿಸಿದರೆ ಶೇ. 5ರ ತಿದ್ದುಪಡಿ ಶೇ. 12 ಆಗಿ, ಮಿಣುಕು ತಿರುಗುಮುರುಗಾಗಿ ಮತ್ತೆ ಕಾಣಿಸಿಕೊಳ್ಳುತ್ತದೆ. ಗುಣಕ 0.8ರಿಂದ 1.26ರ ಆಚೆ ಹೋದ ಫ್ರೇಮ್‌ಗಳನ್ನು ಕಣ್ಣಾರೆ ನೋಡಿ. ಅಲ್ಲಿ ಬೇರೆ ಏನೋ ಆಗಿರುತ್ತದೆ.

ಶಟರ್ ಬದಲಿಸಿದ ಮೆಟ್ಟಿಲು

ಕತ್ತಲಾಗುತ್ತಾ ಹೋದಂತೆ ಶಟರ್ ನಿಧಾನ ಮಾಡಲೇಬೇಕು. ಒಂದು ಸ್ಟಾಪ್ ಎಂದರೆ ಬೆಳಕು ದುಪ್ಪಟ್ಟು; ಮೂರನೇ ಒಂದು ಸ್ಟಾಪ್ ಬದಲಿಸಿದರೂ ಬೆಳಕು ಶೇ. 26 ಜಿಗಿಯುತ್ತದೆ. 15 ಫ್ರೇಮ್‌ನ ಸರಾಸರಿ ಈ ಮೆಟ್ಟಿಲನ್ನು ಇಳಿಜಾರು ಮಾಡೀತೇ ಹೊರತು ಅಳಿಸದು. ಪ್ರತಿ ಫ್ರೇಮ್‌ನ ಅಳತೆಯನ್ನು ಆಗಿನ ಶಟರ್ ಸಮಯದಿಂದ ಭಾಗಿಸಿದರೆ ದೃಶ್ಯದ ನಿಜ ಬೆಳಕಿನ ಗೆರೆ ಸಿಗುತ್ತದೆ. ಮೊದಲು ಅದನ್ನು ನಯಗೊಳಿಸಿ. ಶಟರ್‌ನ ಮೆಟ್ಟಿಲನ್ನು ಮುಂದಿನ ಬದಲಾವಣೆಯವರೆಗಿನ ಫ್ರೇಮ್‌ಗಳಿಗೆ ಸಮನಾಗಿ ಹಂಚಿ ಇಳಿಜಾರು ಮಾಡಿಕೊಳ್ಳಿ. ಎರಡನ್ನೂ ಗುಣಿಸಿದರೆ ಹೊಸ ಗುರಿ.

ದೀಪ ಹತ್ತುವ ಕ್ಷಣ

ಸುಮಾರು ಒಂದು ಲಕ್ಷ ಬಲ್ಬು ಒಮ್ಮೆಗೇ ಹತ್ತುವುದನ್ನು ನೋಡಲೆಂದೇ ಜನ ನೆರೆದಿರುತ್ತಾರೆ. ಅದನ್ನೂ ಮಿಣುಕೆಂದು ತಿಳಿದು ನಯ ಮಾಡಿದರೆ ಬಲ್ಬು ಹತ್ತುವ 7 ಫ್ರೇಮ್ ಮೊದಲೇ ಗೋಡೆ ಬೆಳಗತೊಡಗುತ್ತದೆ, ಹತ್ತಿದ ಮೇಲೆ ಇನ್ನೂ 7 ಫ್ರೇಮ್ ಮಂಕಾಗಿರುತ್ತದೆ. ಆ ಫ್ರೇಮ್‌ನಲ್ಲೇ ಸರಣಿಯನ್ನು ಎರಡಾಗಿ ಕತ್ತರಿಸಿ, ಬೇರೆಬೇರೆಯಾಗಿ ತಿದ್ದಿ, ಕೊನೆಗೆ ಜೋಡಿಸಿ. ದೀಪ ಆರುವಾಗಲೂ ಹೀಗೆಯೇ.

ಮಂಡ್ಯದ ಗದ್ದೆಯ ಮೇಲೆ ಮಧ್ಯಾಹ್ನ ಮೋಡದ ನೆರಳು ಹಾಯುವುದಂತೂ ಬೇರೆಯೇ ಸಮಸ್ಯೆ. ಅಲ್ಲಿ ಬೆಳಕು ನಿಜವಾಗಿಯೇ ಏರಿಳಿಯುತ್ತದೆ. 15ರ ಬದಲು 5 ಫ್ರೇಮ್ ಇಟ್ಟು, ಉಳಿದದ್ದನ್ನು ಹಾಗೇ ಬಿಡುವುದು ಮೇಲು.

ಕೋಡ್ ಬರೆಯಲು ಬಿಡುವಿಲ್ಲದಿದ್ದರೆ ಎಫ್‌ಎಫ್‌ಎಂಪೆಗ್ ಎಂಬ ವಿಡಿಯೊ ಸಾಫ್ಟ್‌ವೇರ್‌ನಲ್ಲಿ ಡಿಫ್ಲಿಕರ್ (ಮಿಣುಕು ತೆಗೆಯುವ) ಫಿಲ್ಟರ್ ಇದೆ. ತಾನಾಗಿ 5 ಫ್ರೇಮ್ ತೆಗೆದುಕೊಳ್ಳುತ್ತದೆ, 129ರವರೆಗೆ ಏರಿಸಬಹುದು. ಆದರೆ ಅಳೆಯುವುದು ಇಡೀ ಫ್ರೇಮ್‌ನಿಂದ, ಚೌಕ ಆರಿಸಲು ಬಿಡುವುದಿಲ್ಲ. ಎಲ್‌ಆರ್‌ಟೈಮ್‌ಲ್ಯಾಪ್ಸ್ ಎಂಬ ಸಾಫ್ಟ್‌ವೇರ್‌ನಲ್ಲಿ ಚೌಕ ಎಳೆಯಬಹುದು, ರಾ ಫೈಲ್‌ಗಳ ಮೇಲೂ ಕೆಲಸ ಮಾಡುತ್ತದೆ.

ತಿದ್ದಿದ ಫ್ರೇಮ್‌ಗಳನ್ನು 16 ಬಿಟ್ ಟಿಫ್ ಆಗಿ ಉಳಿಸಿ, ಮತ್ತೊಮ್ಮೆ ಅಳೆದು ಗ್ರಾಫ್ ಹಾಕಿ. ಹಲ್ಲು ಶೇ. 1ಕ್ಕಿಂತ ಕೆಳಗಿಳಿಯದಿದ್ದರೆ ಇನ್ನೊಂದು ಸುತ್ತು ಮಾಡಿ. ಎರಡು ಸುತ್ತಿಗೂ ಬಗ್ಗದಿದ್ದರೆ ಚೌಕದೊಳಗೆ ಏನೋ ಅಲುಗುತ್ತಿದೆ, ಅದನ್ನೇ ಬದಲಿಸಿ.