ಟರ್ನರ್ ಇರುವ ಮಗಳ ದಮ್ಮು (ಸುಸ್ತಾಗದೆ ಓಡಾಡುವ ಶಕ್ತಿ) ಹೆಚ್ಚಿಸುವುದು ಹೇಗೆ?

ಟರ್ನರ್ ಸಿಂಡ್ರೋಮ್ ಅಂತ ಗೊತ್ತಾದ ಕೂಡಲೇ ಎಷ್ಟೋ ಮನೆಗಳಲ್ಲಿ ಮೊದಲು ನಿಲ್ಲುವುದು ಮಗಳ ಆಟ. "ಪಿಟಿ ಪೀರಿಯಡ್‌ನಲ್ಲಿ ಕೂರಿಸಿಬಿಡಿ ಮೇಷ್ಟ್ರೇ, ಅವಳಿಗೆ ಆಗಲ್ಲ" ಅಂತ ಹೇಳಿ ಬರುತ್ತಾರೆ. ಆಗುತ್ತದೆ. ಆದರೆ ಮೊದಲು ಹೃದಯ ತೋರಿಸಿ, ಆಮೇಲೆ ಓಡಿಸಿ.

ಹೆಣ್ಣುಮಕ್ಕಳ ಜೀವಕೋಶದಲ್ಲಿರುವ ಎರಡು ಎಕ್ಸ್ ಕ್ರೋಮೋಸೋಮ್‌ಗಳಲ್ಲಿ ಒಂದು ಪೂರ್ತಿ ಅಥವಾ ಸ್ವಲ್ಪ ಭಾಗ ಇಲ್ಲದಿದ್ದರೆ ಅದೇ ಟರ್ನರ್. ಸುಮಾರು 2000ದಿಂದ 2500 ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ ಇರುತ್ತದೆ. ಇವರಲ್ಲಿ ಹಲವರಿಗೆ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದ, ಅಂದರೆ ಅಯೋರ್ಟಾದ ಕವಾಟಕ್ಕೆ ಮೂರರ ಬದಲು ಎರಡೇ ಎಸಳು. ಕೆಲವರಿಗೆ ಆ ನಾಳ ಒಂದು ಕಡೆ ಕಿರಿದಾಗಿರುತ್ತದೆ, ಇನ್ನು ಕೆಲವರಿಗೆ ವಯಸ್ಸಾದಂತೆ ಅಗಲವಾಗುತ್ತಾ ಹೋಗಿ ಸೀಳುವ ಅಪಾಯವೂ ಇದೆ. ಅದಕ್ಕೇ ಎಕೋ, ಅಂದರೆ ಹೃದಯದ ಸ್ಕ್ಯಾನ್ ಬೇಕು, ಅಲುಗದೆ ಮಲಗುವ ವಯಸ್ಸಿಗೆ ಬಂದ ಮೇಲೆ ಹೃದಯದ ಎಂಆರ್‌ಐ ಕೂಡ. ಬಿಪಿಯನ್ನು ಕೈಯಲ್ಲಷ್ಟೇ ಅಲ್ಲ, ಕಾಲಲ್ಲೂ ನೋಡಲು ಕೇಳಿ. "ಹುಟ್ಟಿದಾಗಲೇ ಎಕೋ ಆಗಿದೆಯಲ್ಲ" ಅಂತ ಸುಮ್ನೆ ಕೂರಬೇಡಿ, ಮತ್ತೆ ಯಾವಾಗ ಮಾಡಿಸಬೇಕು ಅಂತ ಡಾಕ್ಟರ್ ಹತ್ತಿರ ಕೇಳಿಕೊಂಡೇ ಬನ್ನಿ. ಯಾವ ಆಟ ಆಡಬಹುದು, ಯಾವುದು ಬೇಡ ಅಂತ ಬರೆಸಿಕೊಂಡರೆ ಇನ್ನೂ ಒಳ್ಳೆಯದು. ಪಿಟಿ ಮೇಷ್ಟ್ರಿಗೆ ಅದೇ ಚೀಟಿ ಕೊಡಬಹುದು.

ಬೇಗ ಸುಸ್ತಾಗುವುದನ್ನು ಸೋಮಾರಿತನ ಅನ್ನಬೇಡಿ. ಕಾಲು ಗಿಡ್ಡ, ಹಾಗಾಗಿ ಅದೇ ದೂರಕ್ಕೆ ಗೆಳತಿಯರಿಗಿಂತ ಜಾಸ್ತಿ ಹೆಜ್ಜೆ ಹಾಕಬೇಕು. ಥೈರಾಯ್ಡ್ ಕಡಿಮೆಯಾಗುವುದೂ ಟರ್ನರ್‌ನಲ್ಲಿ ಸಾಮಾನ್ಯ. ಅದನ್ನೂ ಹಿಮೋಗ್ಲೋಬಿನ್ನನ್ನೂ ಪರೀಕ್ಷೆ ಮಾಡಿಸದೆ ದಮ್ಮಿನ ಮಾತಾಡಿ ಪ್ರಯೋಜನವಿಲ್ಲ.

ಡಾಕ್ಟರ್ ಒಪ್ಪಿದ ಮೇಲೆ ದಿನಾ ಹತ್ತು ನಿಮಿಷ ಚುರುಕಾದ ನಡಿಗೆಯಿಂದ ಶುರು ಮಾಡಿ, ವಾರಕ್ಕೆ ಎರಡು ಮೂರು ನಿಮಿಷ ಸೇರಿಸುತ್ತಾ ಹೋಗಿ. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಚಟುವಟಿಕೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದನ್ನು ಬೆಳಿಗ್ಗೆ ಒಂದಿಷ್ಟು, ಸಂಜೆ ಒಂದಿಷ್ಟು ಅಂತ ಹಂಚಿಕೊಳ್ಳಬಹುದು. ನಾಡಿ ಎಣಿಸುವ ಗೋಜು ಬೇಡ, ಸುಮ್ಮನೆ ಕೂತಾಗಲೂ ಇವರ ನಾಡಿ ಸ್ವಲ್ಪ ಜೋರಾಗಿರುವುದುಂಟು. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅಷ್ಟು ವೇಗ ಸಾಕು.

ಕುಂಟೆಬಿಲ್ಲೆ, ಸ್ಕಿಪ್ಪಿಂಗ್, ಡ್ಯಾನ್ಸ್ ಚೆನ್ನ, ಹಾರುವುದರಿಂದ ಮೂಳೆಗೂ ಬಲ. ಚೆಂಡಾಟದಲ್ಲಿ ಮಾತ್ರ ತಾಳ್ಮೆ ಇರಲಿ. ದೂರ, ದಿಕ್ಕು ಅಂದಾಜಿಸುವುದು ಇವರಲ್ಲಿ ಹಲವರಿಗೆ ಕಷ್ಟ, ಕ್ಯಾಚ್ ಬಿಟ್ಟಳು ಅಂತ ತಂಡದವರು ನಕ್ಕರೆ ಮಾರನೇ ದಿನ ಅವಳು ಮೈದಾನಕ್ಕೇ ಬರುವುದಿಲ್ಲ ಅಲ್ವಾ? ಮನೆಯಲ್ಲಿ ದೊಡ್ಡ ಮೆತ್ತನೆ ಚೆಂಡಿನಿಂದ ಕಲಿಸಿ. ಈಜಿಗೆ ಕಳಿಸುವ ಮೊದಲು ಕಿವಿ ಡಾಕ್ಟರನ್ನು ಕೇಳಿ, ಪದೇ ಪದೇ ಕಿವಿ ಸೋರುವುದು ಇವರಿಗೆ ಜಾಸ್ತಿ. ಪಾದ ಊದುವವರಿಗೆ ಅಗಲವಾದ ಶೂ ಬೇಕು. ಉಸಿರು ಬಿಗಿಹಿಡಿದು ಭಾರ ಎತ್ತುವುದು ಬೇಡ, ಅಯೋರ್ಟಾ ಅಗಲವಾಗಿದ್ದರಂತೂ ಬೇಡವೇ ಬೇಡ.

ಎತ್ತರಕ್ಕಾಗಿ ಕೊಡುವ ಬೆಳವಣಿಗೆಯ ಹಾರ್ಮೋನ್ ಇಂಜೆಕ್ಷನ್ ನಡೆಯುತ್ತಿರುವಾಗ ಸೊಂಟ ಅಥವಾ ಮಂಡಿ ನೋವು, ಕುಂಟುವುದು ಕಂಡರೆ ಆಟ ನಿಲ್ಲಿಸಿ ತೋರಿಸಿ. ಎದೆಯಲ್ಲೋ ಬೆನ್ನಲ್ಲೋ ಇದ್ದಕ್ಕಿದ್ದಂತೆ ಜೋರು ನೋವು ಬಂದರೆ, ತಲೆ ಸುತ್ತಿ ಬಿದ್ದರೆ ನೇರ ಎಮರ್ಜೆನ್ಸಿಗೆ ಹೋಗಿ, ಟರ್ನರ್ ಇದೆ ಅಂತ ಮೊದಲೇ ಹೇಳಿ.

ಸುಧಾರಿಸಿದ್ದಾಳಾ ಅಂತ ನೋಡಲು ತಿಂಗಳಿಗೊಮ್ಮೆ ಅದೇ ಜಾಗದಲ್ಲಿ ಆರು ನಿಮಿಷ ನಡೆಸಿ, ಎಷ್ಟು ಸುತ್ತಾಯಿತು ಅಂತ ಅವಳ ಕೈಯಲ್ಲೇ ಬರೆಸಿ. ಹೋದ ತಿಂಗಳ ಸುತ್ತಿನ ಜೊತೆ ಹೋಲಿಸಿ, ಪಕ್ಕದ ಮನೆ ಹುಡುಗಿಯ ಜೊತೆ ಬೇಡ.