ಮೂರು ಜಿಲ್ಲೆಗಳ ಮಣ್ಣಿನ ಮಾಹಿತಿಯನ್ನು ಒಂದೇ ದಾಖಲೆಗೆ ತರುವ ಕ್ರಮ

ಗೌರಿಬಿದನೂರು ಮತ್ತು ಮಧುಗಿರಿ ತಾಲ್ಲೂಕುಗಳು ಬೇರೆ ಬೇರೆ ಜಿಲ್ಲೆಗೆ ಸೇರಿದ್ದರೂ ಎರಡರ ಹೊಲಗಳಲ್ಲೂ ಹೆಚ್ಚಾಗಿ ಕಾಣುವುದು ಕೆಂಪು ಮಣ್ಣೇ. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿಯು ಕೊನೆಗೆ ಕೂಡಿಕೊಳ್ಳುವುದು ನಂದಿಯ ಸೀಮೆಯಿಂದ ಬರುವ ಉತ್ತರ ಪಿನಾಕಿನಿಯನ್ನೇ. ಈ ಮಣ್ಣಿನ ಪರೀಕ್ಷಾ ವರದಿಗಳು ಮಾತ್ರ ರೈತರ ಟ್ರಂಕಿನಲ್ಲಿ, ರೈತ ಸಂಪರ್ಕ ಕೇಂದ್ರದ ಕಡತಗಳಲ್ಲಿ, ರೈತ ಉತ್ಪಾದಕ ಕಂಪನಿಗಳ ಕಂಪ್ಯೂಟರಿನಲ್ಲಿ ಚದುರಿಹೋಗಿವೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ರೈತ ಸಂಘಗಳು ಮತ್ತು ಗ್ರಾಮ ಪಂಚಾಯಿತಿಗಳು ಇವನ್ನು ಒಟ್ಟುಗೂಡಿಸಿ ಪರಸ್ಪರ ಹಂಚಿಕೊಳ್ಳಲು ಅನುಸರಿಸಬಹುದಾದ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಎಲ್ಲ ವರದಿಗಳನ್ನೂ ಒಂದೇ ಕಚೇರಿಗೆ ಒಪ್ಪಿಸಬೇಕೆಂದು ಯಾರನ್ನೂ ಒತ್ತಾಯಿಸಬೇಡಿ; ಹಾಗೆ ಕೇಳಿದಲ್ಲಿ ಕೆಲಸ ಅಲ್ಲಿಯೇ ನಿಲ್ಲುತ್ತದೆ. 2012ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಆಶ್ರಯದಲ್ಲಿ ಆರಂಭವಾದ ಜಾಗತಿಕ ಮಣ್ಣು ಸಹಭಾಗಿತ್ವವು ರೂಪಿಸುತ್ತಿರುವ ಮಾಹಿತಿ ವ್ಯವಸ್ಥೆಯಲ್ಲೂ ಆಯಾ ದೇಶದ ದತ್ತಾಂಶ ಆಯಾ ದೇಶದ ಕೈಯಲ್ಲೇ ಉಳಿಯುತ್ತದೆ, ಬರೆಯುವ ನಮೂನೆ ಮಾತ್ರ ಎಲ್ಲರಿಗೂ ಒಂದೇ ಆಗಿರುತ್ತದೆ. ನಮ್ಮ ಮೂರು ಜಿಲ್ಲೆಗಳಿಗೂ ಇದೇ ಒಪ್ಪುವ ದಾರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಆದ್ದರಿಂದ ಮೊದಲ ಸಭೆಯಲ್ಲಿ ತೀರ್ಮಾನವಾಗಬೇಕಾದುದು ನಮೂನೆ. ಒಂದು ಮಾದರಿಗೆ ಒಂದು ಸಾಲು ಎಂಬ ನಿಯಮವಿರಲಿ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್ ಮತ್ತು ಹಿಸ್ಸಾ ಇವೆಲ್ಲಕ್ಕೂ ಪ್ರತ್ಯೇಕ ಕಾಲಂ ಬೇಕು, ಏಕೆಂದರೆ ಹೊಸಹಳ್ಳಿ, ಗೊಲ್ಲಹಳ್ಳಿಯಂತಹ ಹೆಸರಿನ ಊರುಗಳು ಒಂದಕ್ಕಿಂತ ಹೆಚ್ಚು ಕಡೆ ಇವೆ. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ. ಅದಕ್ಕೂ ಹಿಂದಿನ ಚಿಂತಾಮಣಿ, ಶಿಡ್ಲಘಟ್ಟ, ಬಾಗೇಪಲ್ಲಿಯ ವರದಿಗಳು ಕೋಲಾರದ ಹೆಸರಿನಲ್ಲೇ ಇರುವುದರಿಂದ ಅವನ್ನು ಈಗಿನ ಜಿಲ್ಲೆಗೆ ಸರಿಪಡಿಸಿ ಬರೆಯಬೇಕು. ಜಮೀನು ಪಾಲಾಗಿ ಪೋಡಿಯಾದಾಗ ಹಿಸ್ಸಾ ನಂಬರ್ ಬದಲಾಗುತ್ತದೆಯಾದ ಕಾರಣ ಮಾದರಿ ತೆಗೆದ ಜಾಗದ ಅಕ್ಷಾಂಶ ಮತ್ತು ರೇಖಾಂಶವನ್ನೂ ಮೊಬೈಲಿನಿಂದ ಗುರುತು ಮಾಡಿಕೊಳ್ಳಿ.

ಬೆಳೆ, ಮಾದರಿ ತೆಗೆದ ದಿನಾಂಕ, ಆಳ, ಹಿಂದಿನ ವರ್ಷ ಕೆರೆ ಗೋಡು ಹೊಡೆಸಿದ್ದರೆ ಅದರ ವಿವರ, ನೀರಿನ ಮೂಲ ಇವೂ ಅದೇ ಸಾಲಿನಲ್ಲಿ ಇರಬೇಕು. ಕೋಲಾರದಲ್ಲಿ ನೀರಿನ ಮೂಲದ ಕಾಲಂ ಅತಿ ಮುಖ್ಯ: 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಸಂಸ್ಕರಿತ ತ್ಯಾಜ್ಯನೀರು ಕೆರೆಗಳಿಗೆ ಹರಿಯುತ್ತಿದ್ದು, ಆ ಕೆರೆಗಳ ಆಸುಪಾಸಿನ ಮಣ್ಣು ಕಾಲಕ್ರಮದಲ್ಲಿ ಹೇಗಾಗುತ್ತಿದೆ ಎಂಬುದನ್ನು ಮಳೆಯಾಶ್ರಿತ ಹೊಲದ ಮಣ್ಣಿನೊಡನೆ ಹೋಲಿಸಿ ನೋಡಬೇಕಾದರೆ ಈ ಕಾಲಂ ಇಲ್ಲದೆ ಆಗದು.

2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿ ಯೋಜನೆಯಲ್ಲಿ ನೀರಾವರಿ ಪ್ರದೇಶದಲ್ಲಿ 2.5 ಹೆಕ್ಟೇರಿಗೆ, ಮಳೆಯಾಶ್ರಿತ ಪ್ರದೇಶದಲ್ಲಿ 10 ಹೆಕ್ಟೇರಿಗೆ ಒಂದರಂತೆ ಮಾದರಿ ತೆಗೆಯುವ ಪದ್ಧತಿ ಇತ್ತು. ಹೀಗಾಗಿ ಒಂದೇ ಮಾದರಿಯ ಫಲಿತಾಂಶ ಹಲವು ರೈತರ ಚೀಟಿಗಳಲ್ಲಿ ಮುದ್ರಿತವಾಗಿರಬಹುದು. ಇಂತಹ ಚೀಟಿಗಳನ್ನು ಒಂದೊಂದಾಗಿ ಸೇರಿಸುತ್ತ ಹೋದರೆ ಒಂದೇ ಅಂಕಿ ಅನೇಕ ಬಾರಿ ಎಣಿಕೆಗೆ ಬರುತ್ತದೆ. ಮಾದರಿ ಸಂಖ್ಯೆಯನ್ನು ನೋಡಿ ಒಂದನ್ನು ಮಾತ್ರ ಉಳಿಸಿಕೊಂಡು, ಅದು ಗುಂಪಿನ ಮಾದರಿಯೋ ಸ್ವಂತ ಹೊಲದ ಮಾದರಿಯೋ ಎಂಬುದನ್ನು ನಮೂದಿಸಿ.

ಹೆಚ್ಚಿನ ಗೊಂದಲ ಹುಟ್ಟುವುದು ಪರೀಕ್ಷಾ ವಿಧಾನ ಮತ್ತು ಅಳತೆಯಲ್ಲಿ. ಒಂದು ವರದಿಯಲ್ಲಿ ರಂಜಕ ಹೆಕ್ಟೇರಿಗೆ 12 ಕಿಲೋ ಎಂದಿದ್ದು, ಪಕ್ಕದ ತಾಲ್ಲೂಕಿನ ವರದಿಯಲ್ಲಿ 27.5 ಕಿಲೋ ಎಂದಿದ್ದರೆ ಎರಡನೆಯ ಹೊಲವೇ ಫಲವತ್ತಾದುದೆಂದು ತಿಳಿಯುವುದು ಸಹಜ. ಮೊದಲನೆಯದು ಶುದ್ಧ ರಂಜಕದ ಲೆಕ್ಕವಾಗಿದ್ದು ಎರಡನೆಯದು ರಂಜಕದ ಪೆಂಟಾಕ್ಸೈಡಿನ ಲೆಕ್ಕವಾಗಿದ್ದರೆ ಎರಡೂ ಹೆಚ್ಚುಕಡಿಮೆ ಒಂದೇ. ರಂಜಕವನ್ನು 2.29ರಿಂದಲೂ ಪೊಟ್ಯಾಸಿಯಂ ಅನ್ನು 1.2ರಿಂದಲೂ ಗುಣಿಸಿದರೆ ಆಕ್ಸೈಡಿನ ಲೆಕ್ಕ ದೊರೆಯುತ್ತದೆ. ಪಿಪಿಎಂನಲ್ಲಿ, ಅಂದರೆ ಹತ್ತು ಲಕ್ಷ ಭಾಗದಲ್ಲಿ ಎಷ್ಟು ಭಾಗ ಎಂಬ ಲೆಕ್ಕದಲ್ಲಿ, ಕೊಟ್ಟ ಅಂಕಿಯನ್ನು 2.24ರಿಂದ ಗುಣಿಸಿದರೆ ಮೇಲಿನ 15 ಸೆಂಟಿಮೀಟರ್ ಮಣ್ಣಿಗೆ ಹೆಕ್ಟೇರುವಾರು ಕಿಲೋ ಸಿಗುತ್ತದೆ. ಪರಿವರ್ತಿಸಿದ ಅಂಕಿಯನ್ನು ಬೇರೆ ಕಾಲಂನಲ್ಲಿ ಬರೆಯಿರಿ, ವರದಿಯ ಮೂಲ ಅಂಕಿಯನ್ನು ಎಂದಿಗೂ ಅಳಿಸಬೇಡಿ. ರಂಜಕವನ್ನು ಆಮ್ಲೀಯ ಮಣ್ಣಿಗೆ ಬ್ರೇ ವಿಧಾನದಲ್ಲೂ ತಟಸ್ಥ ಮತ್ತು ಕ್ಷಾರೀಯ ಮಣ್ಣಿಗೆ ಓಲ್ಸನ್ ವಿಧಾನದಲ್ಲೂ ಅಳೆಯುತ್ತಾರೆ. ಈ ಎರಡರ ಅಂಕಿಗಳನ್ನು ಗುಣಾಕಾರದಿಂದ ಸರಿದೂಗಿಸಲು ಬರುವುದಿಲ್ಲ, ವಿಧಾನದ ಹೆಸರು ಬರೆದು ಬೇರೆಯಾಗಿಯೇ ಇಡಬೇಕು. ಪರೀಕ್ಷೆ ಮಾಡದಿದ್ದ ಅಂಶದ ಕಾಲಂ ಖಾಲಿ ಇರಬೇಕು, ಅಲ್ಲಿ ಸೊನ್ನೆ ತುಂಬಬಾರದು. ಸತು ಅಥವಾ ಬೋರಾನ್ ಕಾಲಂನಲ್ಲಿ ಹೀಗೆ ತುಂಬಿದ ಸೊನ್ನೆಗಳು ಇಡೀ ಹೋಬಳಿಯಲ್ಲಿ ಕೊರತೆ ಇದೆಯೆಂಬ ತಪ್ಪು ಚಿತ್ರ ಕೊಡುತ್ತವೆ.

ವಿಧಾನ ಒಂದೇ ಆಗಿದ್ದರೂ ಪ್ರಯೋಗಾಲಯಗಳ ಫಲಿತಾಂಶದಲ್ಲಿ ವ್ಯತ್ಯಾಸ ಬರುತ್ತದೆ. ಅದನ್ನು ತಿಳಿಯುವ ಉಪಾಯ ಸರಳವಾದುದು. ಒಂದೇ ಹೊಲದಿಂದ ಐದಾರು ಕಿಲೋ ಮಣ್ಣು ತೆಗೆದು, ನೆರಳಿನಲ್ಲಿ ಒಣಗಿಸಿ, ಹೆಂಟೆಗಳನ್ನು ಮರದ ಕೊಡತಿಯಿಂದ ಪುಡಿ ಮಾಡಿ, 2 ಮಿಲಿಮೀಟರ್ ಜರಡಿಯಲ್ಲಿ ಸೋಸಿ, ಪ್ಲಾಸ್ಟಿಕ್ ಹಾಳೆಯ ಮೇಲೆ ಚೆನ್ನಾಗಿ ಬೆರೆಸಿರಿ. ಲಘು ಪೋಷಕಾಂಶಗಳ ಪರೀಕ್ಷೆ ಇರುವುದರಿಂದ ತುಕ್ಕು ಹಿಡಿದ ಸಲಿಕೆಯನ್ನಾಗಲಿ, ಗೊಬ್ಬರದ ಹಳೆಯ ಚೀಲವನ್ನಾಗಲಿ ಬಳಸಬಾರದು. ಈ ಮಣ್ಣನ್ನು ಅರ್ಧರ್ಧ ಕಿಲೋದ ಬಟ್ಟೆ ಚೀಲಗಳಿಗೆ ತುಂಬಿ, ಮೂರು ಜಿಲ್ಲೆಗಳಲ್ಲಿ ನಿಮ್ಮ ಸಂಘಗಳು ನೆಚ್ಚಿಕೊಂಡಿರುವ ಪ್ರಯೋಗಾಲಯಗಳಿಗೆಲ್ಲ ಕಳುಹಿಸಿ. ಒಂದೇ ಪ್ರಯೋಗಾಲಯಕ್ಕೆ ಎರಡು ಚೀಲಗಳನ್ನು ಬೇರೆ ಬೇರೆ ಸಂಖ್ಯೆ ಹಾಕಿ ಕೊಟ್ಟರೆ ಅದರ ಸ್ವಂತ ಫಲಿತಾಂಶಗಳ ನಡುವಿನ ಅಂತರವೂ ತಿಳಿಯುತ್ತದೆ. ಅಂತರ ದೊಡ್ಡದಾಗಿ ಕಂಡಲ್ಲಿ ಅದನ್ನು ದೂರಿನ ರೂಪದಲ್ಲಿ ಒಯ್ಯದೆ, ಆ ಪ್ರಯೋಗಾಲಯದವರೊಡನೆ ಮತ್ತು ಸಮೀಪದ ಕೃಷಿ ವಿಜ್ಞಾನ ಕೇಂದ್ರದ ಮಣ್ಣು ವಿಜ್ಞಾನಿಗಳೊಡನೆ ಕುಳಿತು ಕಾರಣ ಹುಡುಕಬೇಕು.

ಹಂಚಿಕೊಳ್ಳುವ ಪ್ರತಿಯಲ್ಲಿ ರೈತರ ಹೆಸರು, ಮೊಬೈಲ್ ಸಂಖ್ಯೆ, ಆಧಾರ್, ಹಿಸ್ಸಾ ನಂಬರ್ ಇರಕೂಡದು. ಜಮೀನಿನ ಬೆಲೆ ಏರುತ್ತಿರುವ ಈ ಸೀಮೆಯಲ್ಲಿ ಯಾರ ಹೊಲ ಚೌಳಾಗಿದೆ ಎಂಬುದು ಖರೀದಿದಾರರ ಕೈಗೆ ಸಿಕ್ಕರೆ ನಷ್ಟ ರೈತರಿಗೇ. ಅಕ್ಷಾಂಶ ರೇಖಾಂಶಗಳನ್ನು ದಶಮಾಂಶದ ನಂತರ ಎರಡು ಅಂಕಿಗೆ ಇಳಿಸಿದರೆ ಸ್ಥಳವು ಸುಮಾರು ಒಂದು ಕಿಲೋಮೀಟರ್ ಮಟ್ಟಿಗೆ ಮಾತ್ರ ತಿಳಿಯುತ್ತದೆ, ಹೋಬಳಿಯ ನಕ್ಷೆಗೆ ಅಷ್ಟು ಸಾಕು. ಪೂರ್ಣ ವಿವರವಿರುವ ಪ್ರತಿಯು ಮಾಹಿತಿ ಕೊಟ್ಟ ಸಂಘದಲ್ಲೇ ಇರಲಿ ಮತ್ತು ರೈತರ ಒಪ್ಪಿಗೆಯನ್ನು ಕನ್ನಡದಲ್ಲಿ ಬರೆಸಿ, ಓದಿ ಹೇಳಿ, ಸಹಿ ಪಡೆಯಿರಿ.

ತಂತ್ರಾಂಶದ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ: ಆರಂಭಕ್ಕೆ ಸಾಮಾನ್ಯ ಎಕ್ಸೆಲ್ ಹಾಳೆ ಸಾಕು, ನಕ್ಷೆ ಬೇಕೆನಿಸಿದಾಗ ಉಚಿತವಾಗಿ ದೊರೆಯುವ ಕ್ಯೂಜಿಐಎಸ್ ಬಳಸಬಹುದು. ಪ್ರತಿ ಸಂಘದಿಂದ ಒಬ್ಬರು ಈ ಹಾಳೆಗೆ ಹೊಣೆಗಾರರಾಗಿದ್ದು, ಬೇಸಿಗೆಯಲ್ಲಿ ಹೊಲ ಖಾಲಿ ಇರುವಾಗ ತೆಗೆದ ಮಾದರಿಗಳ ಫಲಿತಾಂಶಗಳನ್ನು ಮುಂಗಾರು ಬಿತ್ತನೆಗೆ ಮುನ್ನ ಸೇರಿಸಿ, ದಿನಾಂಕ ಹಾಕಿದ ಹೊಸ ಪ್ರತಿಯನ್ನು ಉಳಿದ ಸಂಘಗಳಿಗೆ ಕಳುಹಿಸುವ ವ್ಯವಸ್ಥೆ ಮಾಡಿಕೊಳ್ಳಿ.